ಮುರುಗೆಪ್ಪನ ಬೋಳು ಗಾಡಿ

ಬಲಗಾಲು ಮಡಚಲಿಲ್ಲ. ಇಬ್ಬರು ಹೆಗಲು ಹಿಡಿದು ಹೆಣವನ್ನು ಗೋಡೆಗೆ ಆನಿಸಿದ್ದರು. ಅಪ್ಪಾಸಾಹೇಬರು ತಮ್ಮನ ಮೊಣಕಾಲಿನ ಮೇಲೆ ಎರಡೂ ಕೈಯಿಟ್ಟು ಒತ್ತುತ್ತಿದ್ದರು. ಲಿಂಗಾಯತರಲ್ಲಿ ಸತ್ತವನು ಮಲಗಿ ಹೋಗುವುದಿಲ್ಲ, ಕೂತು ಹೋಗುತ್ತಾನೆ, ಮಣ್ಣಿನಲ್ಲೂ ಕೂತೇ ಇರುತ್ತಾನೆ. ಆದರೆ ಹರೆಯದಲ್ಲಿ ಅಟ್ಟದಿಂದ ಬಿದ್ದಂದಿನಿಂದ ಮುರುಗೆಪ್ಪನ ಆ ಕಾಲು ಮಡಚಿದ್ದೇ ಇಲ್ಲ. ಬದುಕಿದ್ದಾಗ ಅಣ್ಣನ ಮಾತು ಕೇಳದವನು ಈಗ ಕೇಳುತ್ತಾನೆಯೇ?

"ಬಿಡ್ರಿ ಅಪ್ಪಾಸಾಹೇಬ್ರ, ಅದು ಬಗ್ಗೂದಿಲ್ಲ," ಎಂದ ಮೂಲೆಯಲ್ಲಿ ನಿಂತಿದ್ದ ಭುಜಂಗ. ತಗಡಿನ ಕೆಲಸದ ಭುಜಂಗ ಮುರುಗೆಪ್ಪನ ಹನ್ನೆರಡು ವರ್ಷದ ಗೆಳೆಯ. ಬೆಳಗಿನಿಂದ ಒಂದು ಹನಿ ನೀರೂ ಕುಡಿದಿರಲಿಲ್ಲ.

ಕಾಲಿನ ಕೆಳಗೆ ದಿಂಬು ಕೊಟ್ಟು ಮೇಲೆ ಧೋತರ ಹೊದಿಸಿದರು. ಎದೆಗೆ ಶಾಲು ಸುತ್ತಿ ಗೋಡೆಯ ಗೂಟಕ್ಕೆ ಕಟ್ಟಿದರು. ಹಣೆ, ತೋಳು, ಎದೆಗೆಲ್ಲ ವಿಭೂತಿ ಬಳಿದರು. ಪುಣೆ ಕ್ಯಾಂಪಿನಲ್ಲಿ ಗುಳೇದಗುಡ್ಡದ ಕುಪ್ಪಸದ ಖಣ ಮಾರುತ್ತಿದ್ದ ಮುರುಗೆಪ್ಪ ಬೆಳಗಿನ ಜಾವ ಎದೆ ಹಿಡಿದುಕೊಂಡು ಕೂತವನು, ಈಗ ಮಧ್ಯಾಹ್ನದ ಹೊತ್ತಿಗೆ ಚೊಕ್ಕವಾಗಿ ಪೂಜೆಗೆ ಕೂತವನಂತೆ ಕಂಡ.

ಅಷ್ಟರಲ್ಲಿ ಬೆಳಿಗ್ಗೆ ಕಳಿಸಿದ್ದ ತಂತಿಗೆ ಉತ್ತರ ಬಂತು. ಮನೆತನದ ಗುರು, ಜಂಗಮರಾದ ಅಯ್ಯನವರು ಶ್ರಾವಣದ ಪುರಾಣಕ್ಕೆಂದು ದೌಂಡಕ್ಕೆ ಹೋಗಿದ್ದರು, ಕಬ್ಬಿನ ಜಮೀನಿನ ಭಕ್ತರ ಮನೆಗೆ. ಮಧ್ಯಾಹ್ನದ ರೈಲು ಹೊರಟುಹೋಗಿದೆ, ರಾತ್ರಿಯ ರೈಲಿಗೆ ಬರುತ್ತೇನೆ ಎಂದಿತ್ತು ಉತ್ತರ.

ರಾತ್ರಿಯವರೆಗೆ ಹೆಣ ಇಟ್ಟುಕೊಳ್ಳುವ ಮಾತೇ ಇಲ್ಲ, ಹೊತ್ತು ಮುಳುಗುವುದರೊಳಗೆ ಮನೆ ಬಿಡಲೇಬೇಕು ಎಂದರು ಅಪ್ಪಾಸಾಹೇಬರು. ಪೇಟೆಯಲ್ಲಿ ಬೇರೆ ಜಂಗಮರು ಇದ್ದಾರೆ, ಮಣ್ಣಿಗೆ ಹೋಗುವ ಮುಂಚೆ ಯಾರದಾದರೂ ಪಾದ ಹೆಣದ ತಲೆಯ ಮೇಲೆ ಬಿದ್ದರಾಯಿತು ಎಂದರು. ಬಂದವರೆಲ್ಲ ಹೌದು ಹೌದು ಎಂದು ತಲೆಯಾಡಿಸಿದರು.

ಮುರುಗೆಪ್ಪನ ಹೆಂಡತಿ ಗೌರಾಬಾಯಿ ಗಂಡನ ಅಣ್ಣನ ಎದುರು ನಿಂತು ಎಂದೂ ಮಾತಾಡಿದವಳಲ್ಲ. ಇಪ್ಪತ್ತೆಂಟು ವರ್ಷ ಬಾಗಿಲ ಮರೆಯಿಂದಲೇ ಉತ್ತರ ಕೊಟ್ಟವಳು. ಈಗ ಸೆರಗು ಎಳೆದುಕೊಂಡು ನಡುಮನೆಗೆ ಬಂದು ನಿಂತಳು.

"ಇವರಿಗೆ ಲಿಂಗ ಕಟ್ಟಿದವರು ಆ ಅಯ್ಯನೋರು. ಅವರ ಪಾದ ಬರಲಾರದ ನಾ ಕಳಸೂದಿಲ್ರಿ ಭಾವನೋರ. ಜೀವ ಇರೂತನಕಾ ಎಲ್ಲಾರೂ ಹುಚ್ಚ ಅಂದ್ರಿ. ಹೋಗೂ ಮುಂದರ ಸರೀತ್ನಾಗಿ ಹೋಗಲಿ."

ಹಾಗಾದರೆ ತರುವುದು ಹೇಗೆ ಎಂದು ಅಪ್ಪಾಸಾಹೇಬರು ಕೇಳಿದರು. ಅದೂ ನ್ಯಾಯವಾದ ಪ್ರಶ್ನೆಯೇ. ಅವತ್ತು ರೇಸಿನ ಶನಿವಾರ. ಕ್ಯಾಂಪಿನ ಬಾಡಿಗೆ ಮೋಟಾರುಗಳೆಲ್ಲ ಕುದುರೆ ಮೈದಾನದ ಹೊರಗೆ ಸಾಲುಗಟ್ಟಿದ್ದವು, ಮುಂಬಯಿಯ ಸೇಠರು ಅವನ್ನು ಸಂಜೆಯ ತನಕ ಹಿಡಿದಿಟ್ಟಿದ್ದರು. ದೌಂಡವೇನು ಪಕ್ಕದ ಓಣಿಯೇ? ಹತ್ತಿರ ಹತ್ತಿರ ಐವತ್ತು ಮೈಲಿ.

ಭುಜಂಗ ಕೆಮ್ಮಿದ. "ಹಿತ್ತಲದಾಗ ನಮ್ಮ ಗಾಡಿ ಅದ ಅಲ್ಲರಿ," ಎಂದ.

ಹಿರಿಯರೊಬ್ಬರು ನಗು ತಡೆಯಲು ಮೂಗು ಒರೆಸಿಕೊಂಡರು.

*

ಆ ಗಾಡಿ ಬಂದದ್ದು ಇಪ್ಪತ್ತೈದನೆಯ ಇಸವಿಯಲ್ಲಿ. ಊರಿಗೆ ಹೊರಟ ಗೋರಾ ಸಾಹೇಬನೊಬ್ಬ ಉರುಳಿಬಿದ್ದ ಮೋಟಾರನ್ನು ಹರಾಜಿಗಿಟ್ಟಿದ್ದ. ಖಣದ ಅಂಗಡಿಗೆ ಕಪಾಟು ತರುತ್ತೇನೆಂದು ಹೋದ ಮುರುಗೆಪ್ಪ ಅದನ್ನು ಎತ್ತುಗಳಿಂದ ಎಳೆಸಿಕೊಂಡು ಬಂದ. ಕಪಾಟು ಇಂದಿಗೂ ಬಂದಿಲ್ಲ.

ಒಂದು ಮೈಲಿಯನ್ನು ಒಂದು ನಿಮಿಷದಲ್ಲಿ ಓಡಿಸಬೇಕು, ಅಷ್ಟೇ ಅವನ ಹಟ. ಅದರಿಂದ ಏನು ಬರುತ್ತದೆ ಎಂದು ಕೇಳಿದರೆ ಅವನಿಗೂ ಗೊತ್ತಿರಲಿಲ್ಲ. ಭಾನುವಾರ ಭಾನುವಾರ ಅಂಗಡಿ ಮುಚ್ಚಿ ಹಿತ್ತಲಿನಲ್ಲಿ ಗಾಡಿಯ ಕೆಳಗೆ ತೂರಿಕೊಳ್ಳುತ್ತಿದ್ದ. ಗಾಡಿ ಹಗುರಾಗಬೇಕೆಂದು ಮೊದಲು ಮಡ್‌ಗಾರ್ಡು ಕಿತ್ತ, ಆಮೇಲೆ ಟಾಪು, ಬಾಗಿಲು, ದೀಪ. ಭುಜಂಗ ತೆಳುವಾದ ತಗಡು ಬಡಿದು ಮೀನಿನ ಬಾಲದಂಥ ಹಿಂಭಾಗ ಮಾಡಿಕೊಟ್ಟ. ಓಣಿಯವರು ಅದಕ್ಕೆ ಬೋಳು ಗಾಡಿ ಎಂದು ಹೆಸರಿಟ್ಟರು. ಇಬ್ಬರೂ ಸೊಲ್ಲಾಪುರ ರಸ್ತೆಗೆ ಹೋಗಿ ಎರಡು ಮೈಲಿಗಲ್ಲುಗಳ ನಡುವೆ ಗಡಿಯಾರ ಹಿಡಿದು ಓಡಿಸುತ್ತಿದ್ದರು. ಅರವತ್ತೆಂಟು ಸೆಕೆಂಡು ಬಂತು, ಅರವತ್ತಾರು ಬಂತು. ಅದಕ್ಕಿಂತ ಕೆಳಗೆ ಇಳಿಯಲಿಲ್ಲ.

ಮಡಚದ ಕಾಲಿನವನಿಗೆ ಗಾಡಿ ಹೊಡೆಯುವುದು ಹೇಗೆ? ಅದಕ್ಕೂ ಅವನೇ ದಾರಿ ಹುಡುಕಿದ. ಬಲಗಾಲಿಗೆ ಯಾವ ಕೆಲಸವನ್ನೂ ಇಡಲಿಲ್ಲ. ಕ್ಲಚ್ಚು, ಬ್ರೇಕು ಎರಡನ್ನೂ ಎಡಗಾಲಿನ ಒಂದೇ ಪೆಡಲಿಗೆ ಕೊಟ್ಟ, ವೇಗ ಕೊಡುವುದನ್ನು ಸ್ಟೀರಿಂಗ್ ಚಕ್ರದ ಹತ್ತಿರ ಒಂದು ಕೈ ಸಲಾಖೆಗೆ, ಎಳೆಯುವ ಕಬ್ಬಿಣದ ಸರಳಿಗೆ, ಕಟ್ಟಿದ. ಸರಿಯಾಗಿದೆಯೇ ಎಂದು ಕೆಳಗೆ ಮಲಗಿ ನೋಡುವಾಗ ಮೇಲೆ ಕೂತು ತುಳಿಯಲು ಒಬ್ಬರು ಬೇಕಲ್ಲ. ಗೌರಾಬಾಯಿ ಕೂತಳು.

ಕೆಳಗಿನಿಂದ ಅವನು ತುಳಿ ಎಂದಾಗ ತುಳಿದಳು, ಬಿಡು ಎಂದಾಗ ಬಿಟ್ಟಳು. ಹನ್ನೆರಡು ವರ್ಷದ ಭಾನುವಾರಗಳು ಹೀಗೆ ಹೋದವು. ಮಡಿಲಲ್ಲಿ ಅಕ್ಕಿಯ ಮೊರ ಇಟ್ಟುಕೊಂಡು ಕಲ್ಲು ಆರಿಸುತ್ತ ತುಳಿಯುತ್ತಿದ್ದಳು. ಬರಬರುತ್ತ ಇಂಜಿನ್ನಿನ ನಾಲ್ಕು ಸಿಲಿಂಡರುಗಳ ಸದ್ದು ಅವಳ ಕಿವಿಗೆ ಹತ್ತಿತು. ಎರಡನೇದು ಕೆಮ್ಮಾಕತ್ತದ ನೋಡ್ರಿ ಎಂದು ಅವಳು ಅಂದರೆ, ಅವನು ಮಾತಿಲ್ಲದೆ ಎರಡನೆಯ ಪ್ಲಗ್ಗು ಬಿಚ್ಚುತ್ತಿದ್ದ.

*

ಹಿತ್ತಲಿನಲ್ಲಿ ಭುಜಂಗ ಹ್ಯಾಂಡಲ್ ತಿರುಗಿಸಿ ತಿರುಗಿಸಿ ಬೆವೆತ. ಲಾರಿ ಹೊಡೆಯುವುದು ಅವನಿಗೆ ಗೊತ್ತಿತ್ತು, ಆದರೆ ಮುರುಗೆಪ್ಪ ಈ ಗಾಡಿಯ ಚಕ್ರವನ್ನು ಯಾರ ಕೈಗೂ ಕೊಟ್ಟವನಲ್ಲ. ಇಂಜಿನ್ ಹತ್ತಿತು. ಭುಜಂಗ ಏರಿ ಕೂತು ಬಲಗಾಲಿನಿಂದ ತುಳಿಯಲು ಹೋದ. ಅಲ್ಲಿ ಬರೀ ಹಲಗೆ. ಗಾಡಿ ಒಮ್ಮೆ ಎಗರಿ, ಬಾವಿಕಟ್ಟೆಗೆ ಒಂದು ಗೇಣು ಉಳಿದಂತೆ ನಿಂತು, ಸತ್ತುಹೋಯಿತು.

ಅಪ್ಪಾಸಾಹೇಬರು ಸಾಕು ಮಾಡು ಎಂದು ಗದರಿದರು. ಸತ್ತವನ ಮನೆಯಲ್ಲಿ ಇದೇನು ತಮಾಷೆ ಎಂದರು.

ಗೌರಾಬಾಯಿ ಹಿತ್ತಲಿಗೆ ಇಳಿದು ಬಂದಳು. ಗಂಡನ ಹೆಣ ಒಳಗಿರುವಾಗ ಹೆಂಡತಿ ಹಿತ್ತಲಿಗೆ ಬಂದದ್ದನ್ನು ಕಂಡು ಹೆಂಗಸರು ಬಾಯ ಮೇಲೆ ಕೈಯಿಟ್ಟರು.

"ಬಲಗಾಲ ಮರತುಬಿಡು ಭುಜಂಗಾ, ಇಲ್ಲಂತ ತಿಳಿ. ಎಡಗಾಲಿಂದ ಅರ್ಧ ತುಳಿ, ಕೈಲಿಂದ ಸಾವಕಾಶ ಕೊಡು. ಪೂರಾ ಒತ್ತಿದರ ಬ್ರೇಕು ಬೀಳ್ತದ. ಹಾಂ, ಈಗ ಬಿಡು."

ಗಾಡಿ ಮೆಲ್ಲಗೆ ಮುಂದೆ ಸರಿಯಿತು. ಹಿಂದೆ ಸರಿಸಿದ, ಮತ್ತೆ ಮುಂದೆ ತಂದ. ಹೌದ್ರಿ ವೈನಿ ಎಂದ ಭುಜಂಗ, ಕಣ್ಣು ಒರೆಸಿಕೊಂಡ. ಆಮೇಲೆ ಪಕ್ಕಕ್ಕೆ ನೋಡಿದ. ಅಯ್ಯನವರನ್ನು ಕೂಡಿಸುವುದೆಲ್ಲಿ? ಅಲ್ಲಿ ಒಂದೇ ಸೀಟು, ಪಕ್ಕದ್ದು ಬರೀ ಹಲಗೆ. ಎಪ್ಪತ್ತು ದಾಟಿದ ಅಯ್ಯನವರು ಐವತ್ತು ಮೈಲಿ ಅದರ ಮೇಲೆ ಬರಲಾರರು.

ಗೌರಾಬಾಯಿ ಅಡಿಗೆಮನೆಗೆ ಹೋಗಿ ಒಲೆಯ ಮುಂದಿದ್ದ ಗಾಡಿಯ ಹಳೇ ಸೀಟನ್ನು ಎಳೆದು ತಂದಳು. ಚರ್ಮದ ಮೇಲೆಲ್ಲ ಜೋಳದ ಹಿಟ್ಟು ಕೂತಿತ್ತು. ನಾಲ್ಕು ವರ್ಷ ಅದರ ಮೇಲೆ ಕೂತೇ ರೊಟ್ಟಿ ಬಡಿದಿದ್ದಳು. ಸೆರಗಿನಿಂದ ಒಮ್ಮೆ ಒರೆಸಿ ಕೊಟ್ಟಳು. ಭುಜಂಗ ನಾಲ್ಕು ಬೋಲ್ಟು ಬಿಗಿದ. ಒಂದೂವರೆಗೆ ಗಾಡಿ ಓಣಿ ದಾಟಿತು.

*

ಆ ಸೀಟಿನ ಮೇಲೆ ಗಾಡಿಯಲ್ಲಿ ಅವಳು ಒಂದೇ ಸಲ ಕೂತು ಹೋಗಿದ್ದಳು. ಮದುವೆಯಾಗಿ ಇಪ್ಪತ್ತೆರಡು ವರ್ಷಕ್ಕೆ, ಖಡಕವಾಸಲಾ ಕೆರೆಯ ತನಕ. ಅವಳು ಹೆದರಿಯಾಳೆಂದು ಮುರುಗೆಪ್ಪ ಎತ್ತಿನ ಗಾಡಿಯ ಹಾಗೆ ಹೊಡೆಯುತ್ತಿದ್ದ. ಊರು ದಾಟಿದ ಮೇಲೆ ಅವಳು ಮುಂದೆ ನೋಡುತ್ತಲೇ, ಇಷ್ಟಕ್ಕನ ಇಷ್ಟು ವರ್ಷ ಬಡಕೊಂಡ್ರಿ ಎಂದಳು. ಅವನು ಅವಳ ಮುಖ ನೋಡಿದ. ಕೈ ಸಲಾಖೆ ಎಳೆದ.

ಸೆರಗು ತಲೆಯಿಂದ ಹಾರಿ ಹಿಂದೆ ಹೋಯಿತು. ಗಾಳಿ ಬಾಯೊಳಗೆ ನುಗ್ಗಿತು, ಕಣ್ಣಲ್ಲಿ ನೀರು ಬಂತು. ಅವಳು ನಗುತ್ತಿದ್ದಳು, ತಡೆಯಲು ಆಗಲಿಲ್ಲ. ಹೊರಳಿ ಬರುವಾಗ, ಮುಂದಿನ ಸಲ ಮೈಲಿಗಲ್ಲಿನ ಓಟಕ್ಕೆ ನನ್ನನ್ನೇ ಕರೆದುಕೊಂಡು ಹೋಗ್ರಿ ಎಂದೂ ಕೇಳಿದಳು.

ಮುಂದಿನ ಸಲ ಬರಲಿಲ್ಲ. ಒಂದು ಭಾನುವಾರ ಅವಳು ದೇವರ ಕೋಣೆಯಿಂದ ಬರುವಷ್ಟರಲ್ಲಿ ಮುರುಗೆಪ್ಪ ಆ ಸೀಟನ್ನು ಕಿತ್ತು ಅಂಗಳದಲ್ಲಿ ಇಟ್ಟಿದ್ದ. ಹನ್ನೊಂದು ಸೇರು ತೂಕ ಅದ, ಎರಡು ಸೆಕೆಂಡರ ಉಳೀತಾವ ಎಂದ, ಖುಷಿಯಿಂದ. ನನ್ನ ಜಾಗಾ ಕಿತ್ತಿದ್ರೇನು ಎಂದು ಅವಳು ಕೇಳಲಿಲ್ಲ. ಸೀಟನ್ನು ಒಲೆಯ ಮುಂದೆ ಒಯ್ದು ಹಾಕಿ ಎಂಟು ದಿನ ಮಾತು ಬಿಟ್ಟಳು. ಅವನಿಗೆ ಕೊನೆಯವರೆಗೂ ತನ್ನ ತಪ್ಪೇನೆಂದು ತಿಳಿಯಲಿಲ್ಲ, ಆದರೆ ಆ ಸೀಟನ್ನು ಎಸೆಯುವ ಮಾತೂ ಎಂದೂ ಆಡಲಿಲ್ಲ.

*

ಮಧ್ಯಾಹ್ನ ಹಿಡಿದ ಮಳೆ ಐದೂವರೆಗೆ ನಿಂತಿತು. ಅಪ್ಪಾಸಾಹೇಬರು ಪೇಟೆಯಿಂದ ಬೇರೆ ಜಂಗಮರನ್ನು ಕರೆಸಿ ಕಟ್ಟೆಯ ಮೇಲೆ ಕೂಡಿಸಿದ್ದರು. ಆರೂವರೆಯ ತನಕ ಕಾಯೋಣ, ಆಮೇಲೆ ಒಂದು ನಿಮಿಷವೂ ಇಲ್ಲ ಎಂದು ಒಳಗೆ ಹೇಳಿ ಕಳಿಸಿದ್ದರು. ಹೆಣ ಕೂಡಿಸಿ ಒಯ್ಯುವ ಬಿದಿರಿನ ವಿಮಾನ ಹೂವು ಏರಿಸಿಕೊಂಡು ಬಾಗಿಲಲ್ಲಿ ಸಿದ್ಧವಾಗಿತ್ತು.

ಗೌರಾಬಾಯಿ ಗಂಡನ ಪಕ್ಕದಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಅಕ್ಕಪಕ್ಕದವರು ಅವನ ಗುಣ ಹೇಳಿಕೊಂಡು ಅಳುತ್ತಿದ್ದರು. ಅವಳು ಅಳಲಿಲ್ಲ. ಗಾಡಿ ದಾರಿಯಲ್ಲಿ ನಿಂತಿದ್ದರೆ? ಅವನು ಕಟ್ಟಿದ್ದು ಇದೊಂದು ದಿನ ಕೈಕೊಟ್ಟರೆ, ನಾಳೆ ಓಣಿಯೆಲ್ಲ ಅದನ್ನೇ ಆಡಿಕೊಳ್ಳುತ್ತದೆ. ನಿನ್ನ ಕಾಲ ಬೀಳ್ತೀನಿ, ನಿಂದರಬ್ಯಾಡ ಎಂದು ಅವಳು ಬೇಡಿಕೊಂಡದ್ದು ದೇವರನ್ನೋ ಗಾಡಿಯನ್ನೋ ಅವಳಿಗೇ ಗೊತ್ತಿರಲಿಲ್ಲ.

ಆರೂವರೆಗೆ ಹತ್ತು ನಿಮಿಷ ಇರುವಾಗ ಕಟ್ಟೆಯ ಜಂಗಮರು ಎದ್ದು ಶಾಲು ಕೊಡವಿ ಒಳಗೆ ಬಂದರು. ಗೌರಾಬಾಯಿ ಕೈಯೆತ್ತಿ ತಡೆದಳು.

"ಬಂತು," ಎಂದಳು.

ಯಾರಿಗೂ ಏನೂ ಕೇಳಿಸಿರಲಿಲ್ಲ. "ಮೂರರ ಮ್ಯಾಲೆ ಓಡಾಕತ್ತದ, ಒಂದು ಸತ್ತದ. ಆದರೂ ಬಂತು," ಎಂದಳು.

ಆಮೇಲೆ ಎಲ್ಲರಿಗೂ ಕೇಳಿಸಿತು. ಬೋಳು ಗಾಡಿ ಕುಂಟುತ್ತ ಓಣಿಗೆ ತಿರುಗಿ ಬಾಗಿಲಲ್ಲಿ ನಿಂತಿತು. ಭುಜಂಗನ ಕಣ್ಣು ಬಿಟ್ಟರೆ ಉಳಿದದ್ದೆಲ್ಲ ಕೆಸರು. ಪಕ್ಕದ ಸೀಟಿನಲ್ಲಿ ಅಯ್ಯನವರು ಎರಡೂ ಕೈಯಿಂದ ತಗಡಿನ ಅಂಚು ಹಿಡಿದುಕೊಂಡು ಕೂತಿದ್ದರು. ಗಡ್ಡ ಒಂದು ಕಡೆಗೆ ಹಾರಿ ಅಲ್ಲೇ ನಿಂತಿತ್ತು. ಮರದ ಹಾವುಗೆಗಳು ದಾರಿಯಲ್ಲೆಲ್ಲೋ ಬಿದ್ದುಹೋಗಿದ್ದವು. ಜಾರಬಾರದೆಂದು ಬರಿಗಾಲನ್ನು ಇಂಜಿನ್ನಿನ ಹಲಗೆಗೆ ಒತ್ತಿಕೊಂಡು ಬಂದಿದ್ದರು.

ಪಾದ ತೊಳೆಯಲು ನೀರು ತಂದರು. ಕೆಸರು ಹೋಯಿತು. ಬೆರಳ ಸಂದಿಗೆ, ಅಂಗಾಲಿಗೆ ಹತ್ತಿದ ಇಂಜಿನ್ ಎಣ್ಣೆ ಮಾತ್ರ ಕರ್ರಗೆ ಉಳಿಯಿತು. ಅಪ್ಪಾಸಾಹೇಬರು ಇನ್ನೊಂದು ಕೊಡ ಸುರಿಸಿದರು. ಅದು ನೀರಿಗೆ ಹೋಗುವಂಥದ್ದಲ್ಲ, ಚಿಮಣಿ ದೀಪದ ಎಣ್ಣೆ ಹಚ್ಚಿ ಅರ್ಧ ತಾಸು ತಿಕ್ಕಬೇಕು ಎಂಬುದು ಹನ್ನೆರಡು ವರ್ಷ ಧೋತರ ಒಗೆದ ಗೌರಾಬಾಯಿಗೆ ಗೊತ್ತಿತ್ತು. ಹೊತ್ತು ಮುಳುಗುತ್ತಿತ್ತು. ಸಾಕು ಎಂದು ಅಯ್ಯನವರು ಒಳಗೆ ಬಂದರು.

ಮಂತ್ರ ಮುಗಿಯಿತು. ಅಯ್ಯನವರು ಭುಜಂಗನ ಹೆಗಲು ಹಿಡಿದುಕೊಂಡು ಬಲಗಾಲು ಎತ್ತಿ ಮುರುಗೆಪ್ಪನ ತಲೆಯ ಮೇಲೆ, ಬೆರಳು ಹಣೆಗೆ ತಾಗುವಂತೆ, ಇಟ್ಟರು.

"ಮುರುಗೆಪ್ಪಾ, ನಿನ್ನ ಗಾಡ್ಯಾಗನ ಬಂದೇನಪಾ," ಎಂದರು.

ಆಗ ಗೌರಾಬಾಯಿ ಅತ್ತಳು. ಬೆಳಗಿನಿಂದ ಕಟ್ಟಿಟ್ಟಿದ್ದೆಲ್ಲ ಒಮ್ಮೆಲೇ ಬಂತು. ಹೆಂಗಸರು ಅವಳನ್ನು ಹಿಡಿದುಕೊಂಡರು.

ಅಯ್ಯನವರು ಕಾಲು ತೆಗೆದಾಗ ಬೆಳ್ಳಗೆ ವಿಭೂತಿ ಬಳಿದ ಹಣೆಯ ಮೇಲೆ ಕಪ್ಪು ಗುರುತು ಮೂಡಿತ್ತು, ಹೆಬ್ಬೆರಳು ಮತ್ತು ಅದರ ಪಕ್ಕದ ಎರಡು ಬೆರಳು. ನೋಡಿದವರು ಅಯ್ಯೋ ಶಿವನೇ ಎಂದರು. ಅಪ್ಪಾಸಾಹೇಬರು ವಿಭೂತಿಯ ಗಟ್ಟಿ ಹಿಡಿದು, ಶಾಲಿನ ತುದಿಯಿಂದ ಒರೆಸಲು ಬಾಗಿದರು.

ಗೌರಾಬಾಯಿ ಹೆಂಗಸರ ಕೈ ಬಿಡಿಸಿಕೊಂಡು ಬಂದು ಅವರ ಮಣಿಕಟ್ಟು ಹಿಡಿದಳು. ಭಾವನ ಮೈ ಮುಟ್ಟಿದ್ದು ಅದೇ ಮೊದಲು.

"ಒರಸಬ್ಯಾಡ್ರಿ," ಎಂದಳು. "ಅದು ಇವರ ಗಾಡೀದ."

ಅಪ್ಪಾಸಾಹೇಬರು ವಿಭೂತಿಯ ಗಟ್ಟಿಯನ್ನು ತಟ್ಟೆಯಲ್ಲಿ ಇಟ್ಟು, ಗೋಡೆಯ ಗೂಟದಿಂದ ಶಾಲಿನ ಗಂಟು ಬಿಚ್ಚಿದರು. ನಾಲ್ವರು ಎತ್ತಿ ವಿಮಾನದಲ್ಲಿ ಕೂಡಿಸಿದರು. ಬಲಗಾಲು ಹೂವಿನ ಹೊರಗೆ ಸೆಟೆದು ನಿಂತಿತ್ತು. ಓಣಿಯ ತುದಿಯಲ್ಲಿ ಬಿಸಿಲು ಇನ್ನೂ ಒಂದಿಷ್ಟು ಉಳಿದಿತ್ತು. ಹೆಗಲ ಮೇಲೆ ಎತ್ತರಕ್ಕೆ ಕೂತ ಮುರುಗೆಪ್ಪ ಆ ಬಿಸಿಲಿಗೆ ಮುಖಮಾಡಿಕೊಂಡು ಹೋದ. ಬಿಳಿ ಹಣೆಯ ಮೇಲಿನ ಮೂರು ಕಪ್ಪು ಬೆರಳು ಓಣಿಯ ಎರಡೂ ಬದಿಯವರಿಗೆ ಕಾಣುತ್ತಿದ್ದವು.