ರಾಹೇಲಳು ಸಾಯದ ಕಪಾಟು

ಪುಸ್ತಕ ಆರಿಸುವುದರಲ್ಲಿ ಎಸ್ತ್ರೇಯಳ ಕೈ ಬಲು ಚುರುಕು. ಪ್ಲೋವ್ದಿವ್ ಊರಿನ ಯೆಹೂದಿ ಸಮಾಜದ ಮನೆಯಲ್ಲಿ ಮೆಟ್ಟಿಲು ಹತ್ತಿದೊಡನೆ ಸಿಗುವ ಕೋಣೆಯೇ ಗ್ರಂಥಾಲಯ. ಒಳಗೊಂದು ಕಬ್ಬಿಣದ ಒಲೆ, ಸುತ್ತಲೂ ಕಪಾಟು. ಕಿಟಕಿಯ ಪಕ್ಕದ ಗಿಡ್ಡ ಕಪಾಟು ಮಕ್ಕಳದು. ಆ ಕಪಾಟಿಗೆ ಯಾವ ಬೈಬಲ್ ಕಥೆಯ ಪುಸ್ತಕ ಬರಬೇಕು, ಯಾವುದು ಬರಬಾರದು ಎಂದು ಹೇಳುವವಳು ಎಸ್ತ್ರೇಯ. ಅವಳನ್ನು ಯಾರೂ ಆ ಕೆಲಸಕ್ಕೆ ನೇಮಿಸಿದ್ದಿಲ್ಲ. ಶಾಲೆಯ ಕೆಲಸದಿಂದ ನಿವೃತ್ತಳಾದ ಮೇಲೆ ಒಂದು ದಿನ ಧೂಳು ಒರೆಸಲು ಬಂದವಳು ಹಾಗೆಯೇ ಉಳಿದುಬಿಟ್ಟಿದ್ದಳು.

ಅವಳ ಕಟ್ಟಳೆಗಳು ಎಲ್ಲರಿಗೂ ಗೊತ್ತಿದ್ದವು. ದೇವರಿಗೆ ಮುಖ ಬರೆದ ಪುಸ್ತಕ ಬೇಡ. ಅವನ ಮುಖ ಕಂಡವರು ಯಾರು? ಅಂಗಡಿಯಲ್ಲಿ ಸಿಗುವ ಮಕ್ಕಳ ಬೈಬಲಿನಲ್ಲಿ ಮುಕ್ಕಾಲು ಪಾಲು ದಾಟಿದ ಮೇಲೆ ದನದ ಕೊಟ್ಟಿಗೆಯೂ ಅದರ ಮೇಲೊಂದು ನಕ್ಷತ್ರವೂ ಬಂದುಬಿಡುತ್ತವೆ. ಅದು ನೆರೆಯ ಕ್ರೈಸ್ತರ ಕಥೆ, ಅವರ ಮನೆಯಲ್ಲಿ ಚೆನ್ನ, ಈ ಕಪಾಟಿಗೆ ಬೇಡ. ಇಷ್ಟನ್ನು ಅವಳು ಯಾರ ಎದುರಿಗಾದರೂ ಹೇಳುತ್ತಿದ್ದಳು.

ಹೇಳದ ಕಟ್ಟಳೆ ಇನ್ನೊಂದಿತ್ತು. ಹೊಸ ಪುಸ್ತಕ ಕೈಗೆ ಬಂದರೆ ಅವಳು ಮೊದಲು ತೆಗೆಯುತ್ತಿದ್ದದ್ದು ಸೃಷ್ಟಿಯ ಪುಟವನ್ನಲ್ಲ, ಸಮುದ್ರ ಸೀಳಿದ ಪುಟವನ್ನೂ ಅಲ್ಲ. ಯಾಕೋಬನು ಹೆಂಡತಿ ಮಕ್ಕಳೊಡನೆ ಊರಿಗೆ ಮರಳುವ ಪುಟವನ್ನು. ಆ ದಾರಿಯಲ್ಲಿ ಅವನ ಪ್ರೀತಿಯ ರಾಹೇಲಳು ಬೆನ್ಯಾಮೀನನನ್ನು ಹೆತ್ತು ಪ್ರಾಣ ಬಿಡುತ್ತಾಳೆ. ಆ ಮಾತು ಪುಸ್ತಕದಲ್ಲಿದ್ದರೆ ಎಸ್ತ್ರೇಯ ಮೆಲ್ಲಗೆ ಮುಚ್ಚಿ, "ಕಾಗದ ಚೆನ್ನಾಗಿಲ್ಲ" ಎಂದೋ "ಬಣ್ಣ ಮಸುಕು" ಎಂದೋ ನೆವ ಹೇಳಿ ಪಕ್ಕಕ್ಕಿಡುತ್ತಿದ್ದಳು.

ಕಾರಣ ಅವಳ ಮೊಮ್ಮಗಳು. ಎಸ್ತ್ರೇಯಳ ಒಬ್ಬಳೇ ಮಗಳು ಜೋಯಾ ಆ ಕೂಸನ್ನು ಹೆತ್ತ ರಾತ್ರಿ, ಬೆಳಕು ಹರಿಯುವ ಮೊದಲೇ ಕಣ್ಣು ಮುಚ್ಚಿದ್ದಳು. ಕೂಸು ಉಳಿಯುವುದೂ ಅನುಮಾನವೆಂದಾಗ ತಂದೆ ಅದಕ್ಕೆ 'ವಿದಾ' ಎಂದು ಹೆಸರಿಟ್ಟ. ನಮ್ಮ ಹಿರಿಯರ ಮಾತಿನಲ್ಲಿ ಹಾಗೆಂದರೆ ಜೀವ. ಜೀವ ಉಳಿಯಿತು. ತಂದೆ ಲಾರಿ ಓಡಿಸಿಕೊಂಡು ದೇಶ ಸುತ್ತುವವನು. ವಿದಾ ಅಜ್ಜಿಯ ಮಡಿಲಲ್ಲೇ ಬೆಳೆದಳು. ಅಮ್ಮನಿಗೆ ಏನಾಗಿತ್ತೆಂದು ಕೇಳಿದರೆ ಅಜ್ಜಿ "ಕಾಯಿಲೆ" ಎನ್ನುತ್ತಿದ್ದಳು. ತಾನು ಹುಟ್ಟಿದ್ದರಿಂದಲೇ ತಾಯಿ ಹೋದಳೆಂಬ ಮಾತು ಆ ಎಳೆಯ ಎದೆಗೆ ಬಿದ್ದರೆ ಅದನ್ನು ಮತ್ತೆ ಹೊರಗೆ ತೆಗೆಯುವವರು ಯಾರು? ಅದಕ್ಕೇ ಅವಳು ಬಾಗಿಲು ಕಾಯುವವಳ ಹಾಗೆ ಪುಸ್ತಕಗಳನ್ನು ಕಾಯುತ್ತಿದ್ದಳು.

ಮರಗಳೆಲ್ಲ ಎಲೆ ಉದುರಿಸಿ ನಿಂತಿದ್ದ ದಿನಗಳಲ್ಲಿ ಸೋಫಿಯಾದಿಂದ ಎರಡು ಹೊಸ ಪುಸ್ತಕ ಬಂದವು. ಅವುಗಳಲ್ಲಿ ಒಂದನ್ನು ಆರಿಸಿ ಹೇಳಿದರೆ ಚಳಿಗಾಲದಲ್ಲಿ ಬರುವ ನಮ್ಮ ದೀಪದ ಹಬ್ಬಕ್ಕೆ ಭಾನುವಾರದ ತರಗತಿಯ ಎಲ್ಲ ಮಕ್ಕಳಿಗೂ ಒಂದೊಂದು ಪ್ರತಿ ಕಳಿಸುತ್ತಾರಂತೆ. ತರಗತಿಯ ಮೇಷ್ಟ್ರು ನಿಸ್ಸಿಮ್ ಅಂದು ಮಧ್ಯಾಹ್ನ ಬಂದ. ಬಾಗಿಲ ಕಂಬಕ್ಕೆ ಬಡಿದಿದ್ದ, ದೇವರ ವಾಕ್ಯದ ಸುರುಳಿಯಿಟ್ಟ ಪುಟ್ಟ ಕರಡಿಗೆಯನ್ನು ಮುಟ್ಟಿ, ಬೆರಳಿಗೆ ಮುತ್ತಿಟ್ಟು ಒಳಗೆ ಕಾಲಿಟ್ಟ.

"ಎಸ್ತ್ರೇಯಕ್ಕಾ, ಒಲೆ ಉರೀತಿದೆಯೋ, ಸುಮ್ನೆ ನೋಡೋಕೆ ಇಟ್ಟಿದೀರೋ?"

"ನೀನು ಬಾಗಿಲು ಹಾಕಿದ್ರೆ ಗೊತ್ತಾಗುತ್ತೆ. ಕೂತ್ಕೋ. ಬದನೆಕಾಯಿ ಬುರೆಕಾ ಇದೆ, ತಿನ್ನು. ನಿಮ್ಮನೇಲಿ ನಿಂಗೆ ಯಾರು ಮಾಡಿಹಾಕ್ತಾರೆ."

ನಿಸ್ಸಿಮ್ ಆ ಹೂರಣದ ಕಡುಬನ್ನು ತಿನ್ನುತ್ತಿರುವಾಗಲೇ ಅವಳು ದೊಡ್ಡ ಪುಸ್ತಕದ ನಡುವಿನ ಪುಟ ತೆರೆದಳು, ಮುಚ್ಚಿದಳು. ಸಣ್ಣದನ್ನು ತೆರೆದಳು, ಇನ್ನೂ ಬೇಗ ಮುಚ್ಚಿದಳು.

"ದೊಡ್ಡದೇ ಇರಲಿ," ಎಂದಳು. "ಇದರಲ್ಲಿ ಅಕ್ಷರ ತೀರಾ ಸಣ್ಣದು."

ನಿಸ್ಸಿಮ್ ಕೈ ಒರೆಸಿಕೊಂಡು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ. "ಅಕ್ಷರ ಎರಡರಲ್ಲೂ ಒಂದೇ ಗಾತ್ರ ಇದೆ ಅಕ್ಕಾ."

ಎಸ್ತ್ರೇಯ ಒಲೆಗೆ ಕಟ್ಟಿಗೆ ಇಡಲು ಎದ್ದಳು. ಬೆನ್ನ ಹಿಂದಿನಿಂದ ಅವನ ದನಿ ಬಂತು.

"ಹೋದ ಭಾನುವಾರ ನಿಮ್ಮ ವಿದಾ ನನ್ನ ಸಿಕ್ಕಿಸಿಬಿಟ್ಟಳು. ಯೋಸೇಫನ ಕಥೆ ಹೇಳ್ತಿದ್ದೆ. ಬೆನ್ಯಾಮೀನನ್ನ ಐಗುಪ್ತಕ್ಕೆ ಕಳಿಸು ಅಂತ ಅಣ್ಣಂದಿರು ಅಪ್ಪನ್ನ ಬೇಡ್ಕೋತಾರಲ್ಲ, ಅಲ್ಲಿ ಕೈ ಎತ್ತಿದಳು. 'ಎಲ್ರೂ ಅಪ್ಪನ್ನೇ ಕೇಳ್ತಾರೆ. ಅವನ ಅಮ್ಮನ್ನ ಯಾಕೆ ಯಾರೂ ಕೇಳಲ್ಲ? ಅವಳೆಲ್ಲಿದಾಳೆ?' ಅಂದಳು."

"ನೀನೇನಂದೆ?"

"ಪುಸ್ತಕ ನೋಡಿ ಹೇಳ್ತೀನಿ ಅಂದೆ. ಆಮೇಲೆ ಇಲ್ಲಿ ಬಂದು ಆ ಕಪಾಟನ್ನೆಲ್ಲ ಜಾಲಾಡಿದೆ. ಒಂದರಲ್ಲೂ ರಾಹೇಲ ಸತ್ತಿಲ್ಲ ಅಕ್ಕಾ. ಬದುಕೂ ಇಲ್ಲ. ದಾರಿ ಮಧ್ಯೆ ಎಲ್ಲೋ ಬಿಟ್ಟುಹೋಗಿದಾಳೆ."

ಎಸ್ತ್ರೇಯ ಇನ್ನೊಂದು ಕಟ್ಟಿಗೆ ಇಟ್ಟಳು. ನಿಸ್ಸಿಮ್ ದನಿ ತಗ್ಗಿಸಿದ. "ತೋರಾ ಸುರುಳೀಲಿ ಒಂದಕ್ಷರ ಅಳಿಸಿಹೋದ್ರೂ ಅದನ್ನ ತಿದ್ದಿಸೋವರೆಗೂ ನಾವು ಓದಲ್ಲ. ಇಲ್ಲಿ ಒಬ್ಬ ತಾಯೀನೇ ಅಳಿಸಿಹೋಗಿದಾಳೆ. ಯಾಕೆ ಅಂತ ನಂಗೆ ಗೊತ್ತಿಲ್ದೇ ಇಲ್ಲ. ಜೋಯಾ ನನ್ನ ಜೊತೆ ಇದೇ ಬೆಂಚಲ್ಲಿ ಕೂತು ಕಲಿತೋಳು. ಆದ್ರೆ ಈ ಸಬ್ಬತ್ ದಿನ ಸಿನಗಾಗಲ್ಲಿ ಓದೋದು ಅದೇ ಭಾಗ. ವಿದಾ ನನ್ನ ಕೇಳೇ ಕೇಳ್ತಾಳೆ. ನಾನು ಹೇಳೋದಕ್ಕಿಂತ..."

"ಗೊತ್ತು. ನೀನು ಹೊರಡು. ಇನ್ನೆರಡು ಬುರೆಕಾ ಕಟ್ಕೊಂಡು ಹೋಗು."

ಅವನು ಹೋದ ಮೇಲೆ ಎಸ್ತ್ರೇಯ ಕಿಟಕಿಯ ಬಳಿ ನಿಂತಳು. ಬಾಯಲ್ಲಿ ಪ್ರಾರ್ಥನೆಯ ಮಾತೇನೂ ಬರಲಿಲ್ಲ. ಮಾತು ಬಾರದವರ ಪ್ರಾರ್ಥನೆಯೂ ಭಗವಂತನಿಗೆ ಕೇಳಿಸುತ್ತದಂತೆ; ಅಷ್ಟೇ ನಂಬಿಕೆಯಲ್ಲಿ ಸುಮ್ಮನೆ ನಿಂತಿದ್ದಳು. ಕೆಳಗೆ ಅಂಗಳದಲ್ಲಿ ಕೆಂಪು ಟೋಪಿಯೊಂದು ಓಡುತ್ತ ಬಂತು.

ವಿದಾಳ ಟೋಪಿ ಯಾವಾಗಲೂ ಹುಬ್ಬಿನವರೆಗೆ ಇಳಿದಿರುತ್ತಿತ್ತು. ಅವಳ ಕಿವಿ ಸ್ವಲ್ಪ ದೊಡ್ಡವು, ಹೊರಕ್ಕೆ ಚಾಚಿಕೊಂಡವು. ಶಾಲೆಯಲ್ಲಿ ಮಕ್ಕಳು 'ಎರಡು ಹಿಡಿಯ ಪಾತ್ರೆ' ಎಂದು ರೇಗಿಸುತ್ತಿದ್ದರು. ಒಲೆಯ ಮುಂದೆ ಕುಳಿತರೂ ಅವಳು ಟೋಪಿ ತೆಗೆಯುತ್ತಿರಲಿಲ್ಲ.

"ಬುರೆಕಾ ಎಲ್ಲ ಖಾಲಿ?" ಎಂದಳು ತಟ್ಟೆ ನೋಡಿ.

"ನಿಮ್ಮ ಮೇಷ್ಟ್ರು ಬಂದಿದ್ರು."

"ಹಾಗಾದ್ರೆ ಖಾಲಿನೇ."

ಎಸ್ತ್ರೇಯ ಒಲೆಯ ಮೇಲೆ ಬೆಚ್ಚಗಿಟ್ಟಿದ್ದ ಒಂದನ್ನು ಕೊಟ್ಟಳು. ಅವಳು ತಿಂದು ಮುಗಿಸುವ ತನಕ ಕಾದು, ಸಣ್ಣ ಪುಸ್ತಕವನ್ನು ತೆರೆದು ಮುಂದಿಟ್ಟಳು. "ಮೇಷ್ಟ್ರನ್ನ ಏನೋ ಕೇಳಿದ್ದೆಯಂತಲ್ಲ. ಇದರಲ್ಲಿದೆ. ಗಟ್ಟಿಯಾಗಿ ಓದು, ಕಂದಾ."

ವಿದಾ ಬೆರಳಿಟ್ಟು ಓದಿದಳು. "ದಾರಿಯಲ್ಲಿ ರಾಹೇಲಳಿಗೆ ಹೆರಿಗೆ ಬೇನೆ ಬಂತು. ಬಹಳ ಕಷ್ಟವಾಯಿತು. ಸೂಲಗಿತ್ತಿ, ಹೆದರಬೇಡ, ಈ ಸಲವೂ ಗಂಡು ಮಗು ಎಂದು ಧೈರ್ಯ ಹೇಳಿದಳು. ಮಗು ಹುಟ್ಟಿತು. ರಾಹೇಲಳ ಪ್ರಾಣ ಹೋಯಿತು. ಯಾಕೋಬನು ಅವಳನ್ನು ದಾರಿಯ ಪಕ್ಕದಲ್ಲೇ ಮಣ್ಣು ಮಾಡಿ, ಅಲ್ಲೊಂದು ಕಲ್ಲು ನಿಲ್ಲಿಸಿದನು."

ಬೆರಳು ಕಲ್ಲಿನ ಮೇಲೆ ನಿಂತಿತು.

"ನಾವು ಅಮ್ಮನ ಹತ್ರ ಹೋದಾಗ ಸಮಾಧಿ ಮೇಲೆ ಇಡ್ತೀವಲ್ಲ, ಅಂಥ ಕಲ್ಲಾ?"

"ಅದಕ್ಕಿಂತ ದೊಡ್ಡದು. ಅಮ್ಮನ ತಲೆ ಹತ್ರ ನಿಂತಿದೆಯಲ್ಲ, ಹಾಗೆ."

"ಅದರಲ್ಲಿ ಬರೆದಿದಾರೆ. ಇದರಲ್ಲೂ ಬರೆದಿದ್ರಾ?"

"ಏನು ಬರೆದಿದಾರೆ?"

"ಹೆಸರು. ತಾರೀಕು." ವಿದಾ ಪುಟದಿಂದ ಕಣ್ಣೆತ್ತಲಿಲ್ಲ. "ಅಮ್ಮಂದು ನನ್ನ ಹುಟ್ಟಿದಹಬ್ಬದ ಮಾರನೇ ದಿನ, ಅಜ್ಜಿ."

ಎಸ್ತ್ರೇಯ ಮೇಜಿನತ್ತ ನೋಡಿದಳು. ಅಕ್ಷರ ಕಲಿಸಿದವಳು ತಾನೇ, ಇದೇ ಮೇಜಿನ ಮೇಲೆ. ಲೋಕದ ಪುಸ್ತಕವನ್ನೆಲ್ಲ ಕಾದವಳು, ವರ್ಷವರ್ಷ ತಾನೇ ಕೈಹಿಡಿದು ಕರೆದುಕೊಂಡು ಹೋಗಿ ನಿಲ್ಲಿಸುತ್ತಿದ್ದ ಆ ಒಂದು ಕಲ್ಲನ್ನು ಮರೆತಿದ್ದಳು.

"ಯಾವಾಗಿಂದ ಗೊತ್ತು ನಿಂಗೆ?"

"ಓದೋಕೆ ಬಂದಾಗಿಂದ."

"ನನ್ನ ಯಾಕೆ ಕೇಳ್ಲಿಲ್ಲ?"

"ಅಲ್ಲಿಗೆ ಹೋದಾಗ್ಲೆಲ್ಲ ನೀನು ಅಳ್ತೀಯ. ಮನೇಲೂ ಅಳಿಸೋದು ಬೇಡ ಅಂತ."

"ವಿದಾ, ಅದು ನಿನ್ನಿಂದ ಆಗಿದ್ದಲ್ಲ..."

ಹುಡುಗಿ ತಲೆಯನ್ನು ಅಡ್ಡಕ್ಕೆ ಆಡಿಸಿ ಹೌದೆಂದಳು, ನಮ್ಮ ಊರಿನವರೆಲ್ಲ ಹೌದೆನ್ನುವ ಹಾಗೆ. "ಬೆನ್ಯಾಮೀನನ ತಪ್ಪು ಅಂತ ಇಲ್ಲೂ ಬರೆದಿಲ್ಲ. ಅವರಪ್ಪ ಅವನ್ನೇ ಎಲ್ರಿಗಿಂತ ಜಾಸ್ತಿ ಮುದ್ದು ಮಾಡ್ತಿದ್ದ." ಪುಟವನ್ನು ಇನ್ನೊಮ್ಮೆ ಮೇಲಿಂದ ಕೆಳಗೆ ನೋಡಿದಳು. "ಒಂದು ಮಾತ್ರ ಇದರಲ್ಲಿಲ್ಲ. ರಾಹೇಲ ಮಗೂನ ನೋಡಿದಳಾ?"

"ಸಾಯೋ ಹೊತ್ತಲ್ಲಿ ಅವಳೇ ಅದಕ್ಕೊಂದು ಹೆಸರಿಟ್ಟಳು ಅಂತ ತೋರಾದಲ್ಲಿದೆ. ನೋಡದೇ ಇಡ್ತಾಳಾ?"

"ನಮ್ಮಮ್ಮ?"

ಇದು ಯಾವ ಪುಸ್ತಕದಲ್ಲೂ ಇರಲಿಲ್ಲ. ಕಲ್ಲಿನ ಮೇಲೂ ಇರಲಿಲ್ಲ. ಕಂಡವಳು ಎಸ್ತ್ರೇಯ. ಒಂಬತ್ತು ವರ್ಷ ಅದನ್ನು ಎದೆಯಲ್ಲಿಟ್ಟುಕೊಂಡು, ಇದ್ದ ಬೆಳಕನ್ನೂ ಕತ್ತಲೆಯ ಜೊತೆಗೇ ಮುಚ್ಚಿಟ್ಟಿದ್ದಳು. ಅವಳು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ನೋಡಿದಳು. ನಿನ್ನ ಅವಳ ಎದೆ ಮೇಲೆ ಮಲಗಿಸಿದ್ರು. ನಾನು ಪಕ್ಕದಲ್ಲೇ ಇದ್ದೆ. ಮೊದಲು ನಿನ್ನ ಬೆರಳು ನೋಡಿದಳು, ಆಮೇಲೆ ಕಿವಿ. ಒಂದು ಕಿವೀನ ಹೀಗೆ ಮೆಲ್ಲಗೆ ಬಿಡಿಸಿ ನೋಡಿ ನಕ್ಕುಬಿಟ್ಟಳು. 'ಕಿವಿ ಪೂರ್ತಿ ಅವರಪ್ಪಂದೇ ಅಮ್ಮಾ, ಯಾರಾದ್ರೂ ನೋಡೋದ್ರೊಳಗೆ ಟೋಪಿ ಹಾಕು' ಅಂದಳು."

ವಿದಾ ಬಾಯಿ ತೆರೆದು ಕೇಳುತ್ತಿದ್ದಳು. "ಅಮ್ಮಾನೂ ರೇಗಿಸಿದಳಾ?"

"ಮೊದಲು ರೇಗಿಸಿದೋಳೇ ಅವಳು. ನಿಮ್ಮ ಶಾಲೆಯವರೆಲ್ಲ ಆಮೇಲೆ."

"ನೀನು ಹಾಕಿದೆಯಾ ಟೋಪಿ?"

"ಹಾಕೋಕೆ ಬಿಡ್ಲಿಲ್ಲ. ನಾನು ಹಾಕೋಕೆ ಹೋದ್ರೆ ಕೈ ಹಿಡ್ಕೊಂಡಳು. ಆ ಕಿವಿಗೆ ಮುತ್ತಿಟ್ಟು, ಮತ್ತೊಂದಕ್ಕೂ ಇಟ್ಟು, ಹಾಗೇ ನೋಡ್ತಾ ಇದ್ದಳು."

ಅಜ್ಜಿ ಅಳುತ್ತಿದ್ದಳು. ಮೊಮ್ಮಗಳು ನಗುತ್ತಿದ್ದಳು, ನಗುವಿನ ನಡುವೆ ಅವಳ ಕಣ್ಣೂ ತುಂಬಿತ್ತು. ಅಜ್ಜಿಯ ಅಳುವಿಗೆ ಅಂದು ಅವಳು ಹೆದರಲಿಲ್ಲ. ಟೋಪಿ ತೆಗೆದು ಮೇಜಿನ ಮೇಲಿಟ್ಟು, ಎದ್ದು ಬಂದು ಎಸ್ತ್ರೇಯಳ ತೋಳಿನೊಳಗೆ ತಲೆ ಇಟ್ಟು, "ಇನ್ನೊಂದ್ಸಲ ಹೇಳು," ಎಂದಳು. ಎಸ್ತ್ರೇಯ ಮೊದಲಿನಿಂದ ಹೇಳಿದಳು.

ಹೊರಡುವ ಮುನ್ನ ಅವಳು ಗ್ರಂಥಾಲಯದ ಮುದ್ರೆಯನ್ನು ಶಾಯಿಗೆ ಒತ್ತಿ, ಸಣ್ಣ ಪುಸ್ತಕದ ಮೊದಲ ಪುಟದಲ್ಲಿ ಹಾಕಿದಳು. ದೊಡ್ಡದನ್ನು ಸೋಫಿಯಾಕ್ಕೆ ಮರಳಿಸಲು ಕಟ್ಟಿಟ್ಟಳು. ವಿದಾ ಗಿಡ್ಡ ಕಪಾಟಿನ ಮುಂದೆ ಮೊಣಕಾಲೂರಿ, ಪುಸ್ತಕಗಳನ್ನು ಒತ್ತರಿಸಿ, ಹೊಸದಕ್ಕೆ ನಡುವೆಯೇ ಜಾಗ ಮಾಡಿದಳು.

"ಟೋಪಿ ಹಾಕ್ಕೋ, ಹೊರಗೆ ಗಾಳಿ," ಎಂದಳು ಎಸ್ತ್ರೇಯ ದೀಪ ಆರಿಸುತ್ತ.

ಹುಡುಗಿ ಮೇಜಿನ ಮೇಲಿದ್ದ ಕೆಂಪು ಟೋಪಿಯನ್ನು ತಲೆಗೆ ಹಾಕಿಕೊಂಡಳು. ಕಿವಿಗಳೆರಡನ್ನೂ ಹೊರಗೆ ಬಿಟ್ಟು.