ಮೂರನೆಯ ಮಹಡಿಯಲ್ಲಿ ನಿಂತ ಲಿಫ್ಟು

ನಾನು ಒಂದು ಲಿಫ್ಟು. ಮಡಚುವ ಕಬ್ಬಿಣದ ಬಾಗಿಲು, ಒಂದು ಕನ್ನಡಿ, ನಾಲ್ವರು ಮೈಗೆ ಮೈ ತಾಗಿಸಿ ನಿಲ್ಲುವಷ್ಟು ಜಾಗ, ಇಷ್ಟೇ ನನ್ನ ದೇಹ. ಯಾವುದೋ ಊರಿನ ಕಾರ್ಖಾನೆಯಲ್ಲಿ ಬಿಡಿಬಿಡಿಯಾಗಿ ಹುಟ್ಟಿ, ಮಂಗಳೂರಿನ ಈ ನಾಲ್ಕು ಮಹಡಿಯ ಕಟ್ಟಡದೊಳಗೆ ಬಂದು ಒಂದಾದೆ. ಆಗ ಬೀದಿಯ ಮಕ್ಕಳೆಲ್ಲ ನನ್ನನ್ನು ನೋಡಲು ಬರುತ್ತಿದ್ದರು.

ಮೂವತ್ತು ವರ್ಷ ಹತ್ತಿಳಿದೆ. ಉಪ್ಪುಗಾಳಿಗೆ ತಂತಿಗಳು ತುಕ್ಕು ಹಿಡಿದವು. ಒಂದು ಮಳೆಗಾಲ ತಾರಸಿ ಸೋರಿ ಮೋಟಾರಿನೊಳಗೆ ನೀರಿಳಿಯಿತು. ಮೂರನೆಯ ಮಹಡಿಯಲ್ಲಿ ನಿಂತವನು ಅಲ್ಲಿಯೇ ಉಳಿದೆ. ಮಾಲೀಕ ದಾಮೋದರ ರಾಯರು ರಿಪೇರಿಗೆ ಮನಸ್ಸು ಮಾಡಲಿಲ್ಲ. ಮೇಲಿನ ಮನೆಗಳಿಗೆ ಯಾರೂ ಬಾರದಾದಾಗ ಬಾಡಿಗೆ ಇಳಿಸಿದರು. ಹಾಗೆ ನಾಲ್ಕನೆಯ ಮಹಡಿಗೆ ಬಂದವಳು ಐರಿನ್, ಬಟ್ಟೆ ಹೊಲಿದು ಬದುಕುವ ಒಂಟಿ ಹೆಂಗಸು. ನಾನು ಕೆಟ್ಟದ್ದರಿಂದ ಅವಳಿಗೊಂದು ಸೂರು ಸಿಕ್ಕಿತು.

ನನ್ನ ಎದುರಿನ ಬಾಗಿಲು ಸಂಜೀವ ಮಾಸ್ಟ್ರದು. ಶಾಲೆಯಿಂದ ನಿವೃತ್ತರಾದವರು, ಅವರೂ ಒಬ್ಬರೇ. ಮೊಣಕಾಲು ಕೈಕೊಟ್ಟ ಮೇಲೆ ಎರಡು ವರ್ಷ ಕೆಳಗಿಳಿಯಲಿಲ್ಲ. ಐರಿನ್ ಮಾಸ್ಟ್ರಿಗೆ ಹಾಲು, ಪೇಪರು ತಂದುಕೊಟ್ಟು, ಮೆಟ್ಟಿಲ ಮೇಲೆ ಕೂತು ನಾಲ್ಕು ಮಾತಾಡಿ ಮೇಲೆ ಹೋಗುತ್ತಿದ್ದಳು.

ಒಂದು ಬೆಳಿಗ್ಗೆ ಅವಳ ಕೈಯಲ್ಲಿ ಹಾಲಿನ ಜೊತೆ ಒಂದು ಕಾಗದವೂ ಇತ್ತು. ಲಿಫ್ಟು ಸರಿಮಾಡಿಸುತ್ತೇನೆ, ಆದರೆ ಎಲ್ಲರ ಬಾಡಿಗೆಯೂ ಏರುತ್ತದೆ, ಎಲ್ಲರೂ ಸಹಿ ಹಾಕಿದರೆ ಮಾತ್ರ ಕೆಲಸ ಎಂದು ರಾಯರು ಬರೆದಿದ್ದರು.

ಮಾಸ್ಟ್ರು ಕನ್ನಡಕ ಏರಿಸಿ ಓದಿದರು. “ನೀನು ಸಹಿ ಹಾಕಿದ್ದೀಯಲ್ಲ. ಇಷ್ಟು ಬಾಡಿಗೆ ಕೊಡ್ಲಿಕ್ಕೆ ನಿನ್ನಿಂದ ಆಗ್ತದಾ?”

“ಇಲ್ಲ ಮಾಸ್ಟ್ರೆ. ಸುರತ್ಕಲ್ಲಿನ ಆಚೆ ಒಂದು ಸಣ್ಣ ಮನೆ ನೋಡಿದ್ದೇನೆ.”

“ಹಾಗಾದ್ರೆ ನಾನು ಹಾಕುದಿಲ್ಲ. ಲಿಫ್ಟು ಹಾಗೇ ಇರ್ಲಿ.”

“ನಿಮ್ಮನ್ನು ಇಲ್ಲಿ ಕೂಡಿಹಾಕಿ ನಾನು ಮೇಲೆ ಆರಾಮಲ್ಲಿ ಇರ್ಬೇಕಾ? ಅದು ನನ್ನಿಂದ ಆಗುದಿಲ್ಲ. ಪೆನ್ನು ಹಿಡೀರಿ.”

ಅವರು ಕಾಗದವನ್ನು ಬಾಗಿಲಿಗೆ ಒತ್ತಿ ಹಿಡಿದರು. ಆಮೇಲೆ ಅವಳ ಮುಖ ನೋಡದೆ ಸಹಿ ಹಾಕಿದರು.

ನನಗೆ ಹೊಸ ತಂತಿ, ಹೊಸ ಮೋಟಾರು ಬಂತು. ತಿಂಗಳೊಳಗೆ ನಾನು ಹೊತ್ತ ಮೊದಲ ದೊಡ್ಡ ಭಾರವೆಂದರೆ ಐರಿನ್ ಮನೆಯ ಸಾಮಾನು. ಕೊನೆಯ ಸಲ ಹೊಲಿಗೆ ಯಂತ್ರ ಇಳಿಯುವಾಗ ಮಾಸ್ಟ್ರೂ ಅದಕ್ಕೆ ಕೈಯೂರಿ ಜೊತೆಗೆ ಇಳಿದರು. ಟೆಂಪೋ ತಿರುವು ದಾಟುವವರೆಗೆ ಗೇಟಿನ ಬಳಿ ನಿಂತಿದ್ದರು.

ಈಗ ಮತ್ತೆ ನನ್ನ ಕೀಲುಗಳು ಕಿರುಗುಟ್ಟುತ್ತಿವೆ. ನಾಲ್ಕನೆಯ ಮಹಡಿಯ ಹೊಸಬರು ನಾನು ನಿಧಾನವೆಂದು ಗೊಣಗುತ್ತಾರೆ. ಕೆಟ್ಟು ನಿಂತಾಗ ಒಳ್ಳೆಯದು ಮಾಡಿದೆನೋ, ಓಡತೊಡಗಿದಾಗಲೋ, ನನಗಿನ್ನೂ ತಿಳಿದಿಲ್ಲ.

ಪ್ರತಿ ಭಾನುವಾರ ಮಾಸ್ಟ್ರು ಕೈಚೀಲ ಹಿಡಿದು ಸುರತ್ಕಲ್ ಬಸ್ಸಿಗೆ ಹೊರಡುತ್ತಾರೆ. ಅಂಗಿಯ ಗುಂಡಿ ಬಿದ್ದಿದೆ, ಐರಿನ್ ಹತ್ತಿರ ಹಾಕಿಸಬೇಕು ಎಂದು ನೆರೆಯವರಿಗೆ ಹೇಳುತ್ತಾರೆ. ಮೂರನೆಯ ಮಹಡಿಯಿಂದ ಕೆಳಗಿಳಿಯುವಷ್ಟರಲ್ಲಿ, ಚೀಲದಿಂದ ಅಂಗಿ ತೆಗೆದು ಅವರೇ ಗುಂಡಿ ಕೀಳುವುದು ನನಗೊಬ್ಬನಿಗೆ ಗೊತ್ತು.