ಒಂದು ಮೊಟ್ಟೆ, ಇಪ್ಪತ್ತು ನಿಮಿಷ

ತಂಗಿ, ಬಟ್ಟೆ ಕತ್ತರಿಸುವ ಮೇಜಿನ ಡ್ರಾಯರನ್ನು ಪೂರ್ತಿ ಹೊರಗೆಳೆದು, ಹರಡಿದ್ದ ಬಟ್ಟೆಯ ಮೇಲೆ ಬೋರಲು ಹಾಕಿದಳು. ಸೀಮೆಸುಣ್ಣದ ತುಂಡುಗಳು, ತುಕ್ಕು ಹಿಡಿದ ಗುಂಡುಸೂಜಿಗಳು, ಅವುಗಳ ಹಿಂದೆಯೇ ಬಿಸ್ಕತ್ತಿನ ಖಾಲಿ ಪೊಟ್ಟಣಗಳು ಉದುರಿದವು. ಒಂದೆರಡಲ್ಲ. ಮಡಿಸಿ ಮಡಿಸಿ ಬೆರಳಷ್ಟು ಸಣ್ಣ ಮಾಡಿ, ದಾರ ಸುತ್ತಿಟ್ಟ ಪೊಟ್ಟಣಗಳು.

ಹೊಲಿಗೆ ಯಂತ್ರಗಳು ಒಂದೊಂದಾಗಿ ನಿಂತವು.

"ಇದು ಈ ವಾರದ್ದಾ, ತಿಂಗಳದ್ದಾ?" ಎಂದು ತಂಗಿ ಕೇಳಿದಳು.

ಅಕ್ಕ ಕೈಯಲ್ಲಿದ್ದ ಕತ್ತರಿ ಕೆಳಗಿಡಲಿಲ್ಲ. "ಡ್ರಾಯರ್ ಒಳಗೆ ಹಾಕು. ಬಟ್ಟೆಗೆ ಜಿಡ್ಡು ಹತ್ತುತ್ತೆ."

"ಹತ್ತಲಿ. ನಿನ್ನ ಮೈಗೆ ಹತ್ತಿದಷ್ಟು ಹತ್ತಲ್ಲ."

ಮೂವರು ಹೊಲಿಯುವವರಲ್ಲಿ ಹಿರಿಯನಾದ, ಎಲ್ಲರೂ ಮಾಸ್ತರೆಂದು ಕರೆಯುತ್ತಿದ್ದ ಮುದುಕ ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ತಲೆ ಬಗ್ಗಿಸಿದ. ದಾರ ಆಗಲೇ ಪೋಣಿಸಿಯಾಗಿತ್ತು. ಅಕ್ಕ ಪೊಟ್ಟಣಗಳನ್ನು ಎರಡೂ ಕೈಯಲ್ಲಿ ಬಾಚಿ ಚಿಂದಿಯ ಬುಟ್ಟಿಗೆ ಹಾಕಿದಳು. ಹಸಿರು ಬಟ್ಟೆಯ ಮೇಲೆ ಉಳಿದ ಪುಡಿಯನ್ನು ಅಂಗೈಯಿಂದ ಒರೆಸುವಾಗ, ಅದನ್ನೂ ಬಾಯಿಗೆ ಹಾಕಿಕೊಳ್ಳಬೇಕೆಂದು ತನಗೆ ಅನ್ನಿಸಿದ್ದು ಅವಳಿಗೆ ಗೊತ್ತಾಯಿತು. ತಂಗಿಗೂ ಗೊತ್ತಾಯಿತು. ಅವಳು ನಕ್ಕಳು.

ಪರದೆ, ಸಮವಸ್ತ್ರ ಹೊಲಿಯುವ ಆ ಅಂಗಡಿ ಇಬ್ಬರದೂ ಆಗಿತ್ತು. ನಲವತ್ತಾರು ವರ್ಷದ ಅಕ್ಕ ಬಟ್ಟೆ ಕತ್ತರಿಸುತ್ತಿದ್ದಳು. ಅವಳಿಗಿಂತ ಮೂರು ವರ್ಷ ಚಿಕ್ಕವಳಾದ ತಂಗಿ ಗಿರಾಕಿಗಳ ಅಳತೆ ತೆಗೆದುಕೊಳ್ಳುತ್ತಿದ್ದಳು. ಮೂರು ವರ್ಷದ ಹಿಂದೆ ಇಬ್ಬರೂ ಒಂದೇ ವಾರದಲ್ಲಿ ಹೊಟ್ಟೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರು. ಅಕ್ಕ ಆಗ ನೂರ ಹದಿನೆಂಟು ಕಿಲೊ. ಸಕ್ಕರೆ ಕಾಯಿಲೆ ಬೇರೆ. ಮೆಟ್ಟಿಲು ಕಂಡರೆ ಮಂಡಿಗಳು ಅಲ್ಲೇ ಮುಷ್ಕರ ಹೂಡುತ್ತಿದ್ದವು. ತಂಗಿಯ ತೂಕವೂ ಕಡಿಮೆಯೇನಿರಲಿಲ್ಲ, ಆದರೆ ಅಂಥ ತೊಂದರೆ ಏನೂ ಇರಲಿಲ್ಲ. ಅಕ್ಕನಿಗೆ ದಿನ ನಿಗದಿಯಾದ ಮೇಲೆ, "ನೀನು ಸಣ್ಣಗಾಗಿ ಓಡಾಡ್ಕೊಂಡಿರು, ನಾನೊಬ್ಬಳೇ ಗುಡಾಣದ ಹಾಗೆ ಕೂತಿರ್ತೀನಿ" ಎಂದು ಜಗಳವಾಡಿ ತಾನೂ ಹೆಸರು ಬರೆಸಿದ್ದಳು. ವೈದ್ಯರು ಇಬ್ಬರ ಜಠರವನ್ನೂ ಒಂದು ಬಾಳೆಹಣ್ಣಿನಷ್ಟು ಉಳಿಸಿ ಮಿಕ್ಕದ್ದನ್ನು ತೆಗೆದುಹಾಕಿದರು.

ಅವರ ತಾಯಿ ಅದನ್ನು ತನಗಾದ ಅವಮಾನವೆಂದೇ ತಿಳಿದಿದ್ದಳು. "ನನ್ನ ಅಡುಗೆಗೆ ಹೆದರಿ ಹೊಟ್ಟೆ ಕೊಯ್ಸಿಕೊಂಡು ಬಂದ ಮಹಾತಾಯಂದಿರು" ಎಂದು ಅಕ್ಕಪಕ್ಕದವರಿಗೆ ಪರಿಚಯ ಮಾಡಿಕೊಡುತ್ತಿದ್ದಳು. ಚಿಕ್ಕಂದಿನಿಂದ ಅವಳ ಬಾಯಲ್ಲಿ ಒಬ್ಬಳು ದೊಡ್ಡಮೂಟೆ, ಇನ್ನೊಬ್ಬಳು ಚಿಕ್ಕಮೂಟೆ. ಇಬ್ಬರೂ ಕರಗಿ ಅರ್ಧವಾದ ಮೇಲೂ ಅವಳು ಆ ಹೆಸರುಗಳನ್ನು ಬದಲಾಯಿಸಲಿಲ್ಲ.

ಮೊದಲ ಒಂದೂವರೆ ವರ್ಷ ಚೆನ್ನಾಗಿಯೇ ಇತ್ತು. ಆಮೇಲೆ ಅಕ್ಕನಿಗೆ ಒಂದು ದಾರಿ ಸಿಕ್ಕಿತು. ಮಾಂಸದ ತುಂಡು, ಕಾಳು, ಮೊಟ್ಟೆ, ಇವು ನಾಲ್ಕು ತುತ್ತಿಗೇ ಎದೆಯಲ್ಲಿ ಕಲ್ಲಿನಂತೆ ಕೂರುತ್ತಿದ್ದವು. ಚಹಾದಲ್ಲಿ ಅದ್ದಿದ ಬಿಸ್ಕತ್ತು ಕೂರುತ್ತಿರಲಿಲ್ಲ. ಹೇಳದೆ ಕೇಳದೆ ಜಾರಿ ಹೋಗುತ್ತಿತ್ತು. ಅರ್ಧ ಗಂಟೆಗೆ ಎರಡು. ಊಟವೆಂದು ಕುಳಿತು ಉಣ್ಣುವುದು ನಿಂತೇಹೋಯಿತು, ತಿನ್ನುವುದು ಮಾತ್ರ ಬೆಳಗಿನಿಂದ ಸಂಜೆಯವರೆಗೆ ನಿಲ್ಲಲಿಲ್ಲ. ಹನ್ನೊಂದು ಕಿಲೊ ವಾಪಸು ಬಂದಿತ್ತು. ತಂಗಿ ಮಾತ್ರ ಕಡ್ಡಿಯಾಗಿದ್ದಳು. ಪರದೆ ಕೊಳ್ಳಲು ಬಂದ ಹೆಂಗಸರು ಬಟ್ಟೆ ಬಿಟ್ಟು ಅವಳನ್ನೇ ನೋಡುತ್ತಿದ್ದರು. ಅವಳು ಅವರೆದುರು, ಅಕ್ಕನಿಗೆ ಕೇಳಿಸುವಂತೆ, "ಎಲ್ಲಾ ಮನಸ್ಸಿನಲ್ಲಿದೆ ನೋಡಿ" ಎನ್ನುತ್ತಿದ್ದಳು.

ಡ್ರಾಯರ್ ಬೋರಲಾದ ಮೂರನೆಯ ದಿನ ಅಕ್ಕ ಯಾರಿಗೂ ಹೇಳದೆ ಆಸ್ಪತ್ರೆಗೆ ಹೋದಳು. ಆರೋಗ್ಯದ ಆಸೆಯಿಂದಲ್ಲ, ಹಟದಿಂದ. ಅಲ್ಲಿನ ಆಹಾರತಜ್ಞೆ ಚಿಕ್ಕ ವಯಸ್ಸಿನವಳು. ಮುಖದಲ್ಲಿ ನಗು ಇರಲಿಲ್ಲ, ತರಲು ಪ್ರಯತ್ನವೂ ಇರಲಿಲ್ಲ.

"ಹೊಟ್ಟೆ ಮತ್ತೆ ಹಿಗ್ಗಿರಬೇಕು," ಎಂದಳು ಅಕ್ಕ.

"ಎಲ್ಲರೂ ಹಾಗೇ ಹೇಳ್ಕೊಂಡು ಬರ್ತಾರೆ. ಬೇಕಾದ್ರೆ ಡಾಕ್ಟ್ರು ನೋಡ್ತಾರೆ. ದಿನಕ್ಕೆ ಎಷ್ಟು ಸಲ ತಿಂತೀರಿ?"

ಅಕ್ಕ ಲೆಕ್ಕ ಹಾಕಿದಳು. ಸುಳ್ಳು ಹೇಳಲೆಂದು ಬಾಯಿ ತೆರೆದು, ನಿಜ ಹೇಳಿದಳು. ಹೇಳಿ, ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅಳೋದಾದ್ರೆ ಹೊರಗೆ ಬೆಂಚಿದೆ," ಎಂದಳು ಆಹಾರತಜ್ಞೆ. "ಬರ್ಕೊಳ್ಳೋದಾದ್ರೆ ಪೆನ್ ಕೊಡ್ತೀನಿ."

ಅಕ್ಕನಿಗೆ ಅವಳ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಪೆನ್ನು ತೆಗೆದುಕೊಂಡಳು.

ದಿನಕ್ಕೆ ಮೂರು ಹೊತ್ತು. ಕುಳಿತು, ತಟ್ಟೆಯಲ್ಲಿ. ಮೊದಲು ಮೊಟ್ಟೆಯೋ ಮೀನೋ ಕಾಳೋ, ಆಮೇಲೆ ಜಾಗ ಉಳಿದರೆ ಬೇರೆಯದು. ಊಟದ ಜೊತೆ ನೀರಿಲ್ಲ, ಚಹಾ ಇಲ್ಲ. ಮುಗಿದು ಅರ್ಧ ಗಂಟೆ ಆಗಬೇಕು. ಚೆನ್ನಾಗಿ ಅಗಿದು ಇಪ್ಪತ್ತು ನಿಮಿಷ. ನಡುವೆ ಏನೂ ಇಲ್ಲ. ಬರೆದ ಚೀಟಿ ಒಂದು ಗೇಣುದ್ದವೂ ಇರಲಿಲ್ಲ.

"ನಿಮ್ಮ ಜೊತೆ ತಂಗಿ ಇದ್ರಲ್ಲ," ಎಂದು ಆಹಾರತಜ್ಞೆ ಕಂಪ್ಯೂಟರ್ ನೋಡುತ್ತಾ ಕೇಳಿದಳು. "ಎರಡು ವರ್ಷದಿಂದ ರಕ್ತಪರೀಕ್ಷೆಗೇ ಬಂದಿಲ್ಲ."

"ಅವಳಿಗೇನು, ಗಟ್ಟಿಮುಟ್ಟಾಗಿದಾಳೆ. ನಮಗೆಲ್ಲ ಬುದ್ಧಿ ಹೇಳ್ಕೊಂಡು."

ಮರುದಿನ ಒಂದು ಗಂಟೆಗೆ ಅಕ್ಕ ಡಬ್ಬಿ ಬಿಚ್ಚಿದಳು. ಎಷ್ಟೋ ತಿಂಗಳಿಂದ ಆ ಹೊತ್ತಿಗೆ ಅವಳು ಊಟಕ್ಕೆ ಕುಳಿತಿರಲಿಲ್ಲ. ಮಾಸ್ತರು ಮತ್ತು ಉಳಿದಿಬ್ಬರು ಹೊರಗೆ ಹೋಗಿದ್ದರು. ಬೇಯಿಸಿದ ಮೊಟ್ಟೆಯನ್ನು ನಾಲ್ಕು ಮಾಡಿದಳು. ಮೂರನೆಯ ತುಂಡಿಗೇ ಎದೆ ಬಿಗಿಯಿತು. ಎದ್ದು ಸ್ವಲ್ಪ ಗಾಳಿಗೆಂದು ಹಿಂಬಾಗಿಲು ತೆರೆದರೆ, ಓಣಿಯಲ್ಲಿ ತಂಗಿ ಕುಕ್ಕರಗಾಲಲ್ಲಿ ಕುಳಿತು ಅಮ್ಮ ಕಟ್ಟಿಕೊಟ್ಟ ತನ್ನ ಡಬ್ಬಿಯನ್ನು ಒಂದು ಮುರುಕು ತಟ್ಟೆಗೆ ಸುರಿಯುತ್ತಿದ್ದಳು. ಮೀನು, ಕಾಳು, ಎಲ್ಲ. ಎದುರಿಗೆ ಒಂದು ಕಂದು ನಾಯಿ ಬಾಲ ಆಡಿಸದೆ, ಸಂಬಳಕ್ಕೆ ಬಂದವನ ಹಾಗೆ ನಿಂತಿತ್ತು. ಆ ಬೀದಿಯ ನಾಯಿಗಳಲ್ಲೆಲ್ಲ ಅದೊಂದೇ ದುಂಡಗಿತ್ತು.

ಅಕ್ಕ ಬಾಗಿಲಲ್ಲೇ ನಿಂತಳು. ಬಗ್ಗಿದ ತಂಗಿಯ ನೆತ್ತಿಯಲ್ಲಿ ಕೂದಲಿನ ನಡುವೆ ಚರ್ಮ ಕಾಣಿಸುತ್ತಿತ್ತು. ಏಳುವಾಗ ಅವಳು ಗೋಡೆ ಹಿಡಿದುಕೊಂಡಳು. ಹಿಡಿದುಕೊಂಡು ಕಣ್ಣು ಮುಚ್ಚಿ, ತಲೆ ತಿರುಗುವುದು ನಿಲ್ಲಲೆಂದು ಕಾದಳು. ಅದು ಅವಳಿಗೆ ಅಭ್ಯಾಸವಾದ ಕೆಲಸದಂತಿತ್ತು.

"ಎಷ್ಟು ದಿನದಿಂದ?" ಎಂದಳು ಅಕ್ಕ.

ತಂಗಿ ಕಣ್ಣು ತೆರೆದಳು. "ನಿಂಗ್ಯಾಕೆ? ನೀನು ಬಿಸ್ಕತ್ ತಿನ್ನು ಹೋಗು."

"ಎಷ್ಟು ದಿನದಿಂದ ಅಂತ ಕೇಳ್ದೆ."

"ನಾನೇನು ನಿನ್ನ ತರ ಕದ್ದು ತಿಂತಿಲ್ಲ."

"ಕದ್ದು ಚೆಲ್ತಾ ಇದೀಯ. ಎಲ್ಲರ ಮುಂದೆ ನನ್ನ ಡ್ರಾಯರ್ ಸುರಿದೆಯಲ್ಲ, ಈಗ ಮಾಸ್ತರನ್ನ ಕರೀಲಾ? ಬಂದು ನೋಡ್ಲಿ ನಿನ್ನ ಮನೋಬಲ."

"ಕರಿ. ನಿನ್ನ ಹಾಗೆ ಆಗೋದಕ್ಕಿಂತ ಇದೇ ವಾಸಿ."

"ನನ್ನ ಹಾಗೆ ಅಂದ್ರೆ?"

ನಾಯಿ ತಟ್ಟೆಯನ್ನು ನೆಲದ ಮೇಲೆ ತಳ್ಳಿಕೊಂಡು ಹೋಗುತ್ತಾ ನೆಕ್ಕುತ್ತಿತ್ತು. ತಂಗಿ ಅಕ್ಕನ ಮುಖ ನೋಡದೆ ಹೇಳಿದಳು: "ನಿಂಗೆ ಒಂದು ಕಿಲೊ ಬಂತು ಅಂದ್ರೆ ಅವತ್ತಿಡೀ ನನಗೆ ಗಂಟಲಲ್ಲಿ ತುತ್ತು ಇಳೀತಿರ್ಲಿಲ್ಲ. ನಿನ್ನ ಸೊಂಟ ನೋಡ್ತಿದ್ದೆ, ನಾಳೆ ನಾನೂ ಅಂತ ಅನ್ಸೋದು. ನೀನು ತಿಂದಿದ್ದೆಲ್ಲ ನನ್ನ ಲೆಕ್ಕಕ್ಕೆ ಬರ್ತಿದೆ ಅನ್ಸೋದು."

ಅಕ್ಕನಿಗೆ ಕನಿಕರ ಬರಬೇಕಿತ್ತು. ಬಂದದ್ದು ಸಿಟ್ಟು. ತನ್ನ ಹನ್ನೊಂದು ಕಿಲೊ ಜೊತೆಗೆ ಇವಳ ಬೋಳು ನೆತ್ತಿಯನ್ನೂ ತಾನೇ ಹೊರಬೇಕೆ ಎಂದು ಮೈಯೆಲ್ಲ ಉರಿಯಿತು.

"ನಾಳೆಯಿಂದ ನನ್ನೆದುರು ಕೂತು ತಿಂತೀಯ," ಎಂದಳು. "ಆಸ್ಪತ್ರೆಗೂ ಹೋಗಿ ರಕ್ತ ಕೊಟ್ಟು ಬರ್ತೀಯ."

"ಇಲ್ಲಾಂದ್ರೆ?"

"ಇಲ್ಲಾಂದ್ರೆ ಅಮ್ಮಂಗೆ ಹೇಳ್ತೀನಿ."

ನಲವತ್ತಮೂರು ವರ್ಷದ ತಂಗಿ ಡಬ್ಬಿಯ ಮುಚ್ಚಳ ಹಾಕಿದಳು. "ನೀನು ಹುಟ್ಟಿದಾಗಿಂದ ಚಾಡಿಕೋರಿ," ಎಂದಳು.

ಹೀಗೆ ಅವರ ಊಟ ಶುರುವಾಯಿತು. ಬಟ್ಟೆ ಕತ್ತರಿಸುವ ಮೇಜಿನ ಒಂದು ತುದಿಯನ್ನು ಖಾಲಿ ಮಾಡಿ, ಎದುರುಬದುರು ಎರಡು ಸ್ಟೂಲು ಹಾಕಿ, ನಡುವೆ ಅಕ್ಕನ ಫೋನಿನಲ್ಲಿ ಇಪ್ಪತ್ತು ನಿಮಿಷಕ್ಕೆ ಬಾರಿಸುವ ಗಂಟೆ ಇಟ್ಟುಕೊಂಡು ಕೂರುತ್ತಿದ್ದರು. ಒಬ್ಬೊಬ್ಬರಿಗೆ ಒಂದು ಮೊಟ್ಟೆ, ಮೂರು ಚಮಚ ಕಾಳು. ಪ್ರೀತಿಯ ಮಾತು ಒಂದೂ ಇರಲಿಲ್ಲ.

"ಹಸು ಮೆಲುಕು ಹಾಕೋ ಹಾಗೆ ಸದ್ದು ಮಾಡ್ಬೇಡ."

"ನೀನು ನುಂಗು ಮೊದ್ಲು. ಕೆನ್ನೆಯಲ್ಲಿ ಇಟ್ಕೊಂಡಿದೀಯ, ಕಾಣ್ಸುತ್ತೆ."

"ನೀರು ಕೊಡು."

"ಕೊಡಲ್ಲ."

ಎರಡನೆಯ ದಿನ ತಂಗಿ ಅರ್ಧಕ್ಕೇ ಎದ್ದು ಬಚ್ಚಲಿಗೆ ಓಡಿದಳು. ವಾಪಸು ಬಂದಾಗ ಅಕ್ಕ ಗಂಟೆಯನ್ನು ತಿರುಗಿ ಮೊದಲಿನಿಂದ ಇಟ್ಟಿದ್ದಳು. ತಂಗಿ ತಟ್ಟೆಯನ್ನು ಎತ್ತಿ ಗೋಡೆಗೆ ಎಸೆದಳು. ಅದು ಸ್ಟೀಲಿನದಾದ್ದರಿಂದ ಒಡೆಯುವ ಸಮಾಧಾನವೂ ಸಿಗಲಿಲ್ಲ. ರಕ್ತಪರೀಕ್ಷೆಯಲ್ಲಿ ಇರಬೇಕಾದದ್ದು ಯಾವುದೂ ಇರಬೇಕಾದಷ್ಟಿರಲಿಲ್ಲ. ವಾರಕ್ಕೊಂದು ಸೂಜಿ ಚುಚ್ಚಿಸಿಕೊಂಡು ಬಂದು, ಅದಕ್ಕೂ ಅಕ್ಕನನ್ನೇ ಬೈದಳು.

ಅಕ್ಕನ ಪಾಡು ಅದಕ್ಕಿಂತ ಮೇಲೇನೂ ಆಗಿರಲಿಲ್ಲ. ನಾಲ್ಕು ಗಂಟೆಯಾಗುತ್ತಲೇ ಕೈ ತಾನಾಗಿ ಡ್ರಾಯರಿಗೆ ಹೋಗುತ್ತಿತ್ತು. ಆ ಹೊತ್ತಿನಲ್ಲಿ ಅವಳಿಗೆ ಮಾಸ್ತರು ಕೆಮ್ಮಿದರೂ ಸಿಟ್ಟು, ಕೆಮ್ಮದಿದ್ದರೂ ಸಿಟ್ಟು. ಒಂದು ದಿನ ಆಸ್ಪತ್ರೆಯ ವಾರ್ಡಿನ ಪರದೆಗಳನ್ನು ಎಂಟಕ್ಕೆ ಎಂಟನ್ನೂ ಎರಡಂಗುಲ ಗಿಡ್ಡ ಕತ್ತರಿಸಿದಳು. ಇಪ್ಪತ್ತು ವರ್ಷದಲ್ಲಿ ಅಂಥ ತಪ್ಪು ಮಾಡಿರಲಿಲ್ಲ. ತಂಗಿ ಅಳತೆಯ ಪಟ್ಟಿ ಹಿಡಿದು ಒಂದೊಂದನ್ನೂ ಅಳೆದು, ಏನೂ ಹೇಳದೆ, ಅಂಚಿಗೆ ಬೇರೆ ಬಟ್ಟೆಯ ಪಟ್ಟಿ ಸೇರಿಸಲು ಮಾಸ್ತರಿಗೆ ಕೊಟ್ಟಳು. ಬೈದಿದ್ದರೆ ಚೆನ್ನಾಗಿತ್ತು ಎಂದುಕೊಂಡಳು ಅಕ್ಕ. ಅದೇ ಸಂಜೆ ಬೀದಿಯ ತುದಿಯ ಅಂಗಡಿಗೆ ಹೋಗಿ ಒಂದು ಪೊಟ್ಟಣ ಕೊಂಡು, ಅಲ್ಲೇ ನಿಂತು ಮುಗಿಸಿದಳು. ಮರುದಿನ ಒಂದು ಗಂಟೆಗೆ ಬಂದು ಸ್ಟೂಲಿನ ಮೇಲೆ ಕುಳಿತು, "ನಿನ್ನೆ ತಿಂದೆ," ಎಂದಳು.

"ಗೊತ್ತು. ಕುಪ್ಪಸದ ಮೇಲೆ ಪುಡಿ ಇತ್ತು," ಎಂದ ತಂಗಿ ಗಂಟೆ ಒತ್ತಿದಳು. "ತಿನ್ನು ಈಗ."

ಐದನೆಯ ವಾರದ ಭಾನುವಾರ ಮನೆಯಲ್ಲಿ ತಾಯಿ ಮೂರು ತಟ್ಟೆ ಹಾಕಿದಳು. ಮೂರರಲ್ಲೂ ರಾಶಿ. ಇಬ್ಬರೂ ಮೀನನ್ನು ಬಿಡಿಸಿ ತಟ್ಟೆಯ ಅಂಚಿಗೆ ಎಳೆದುಕೊಂಡು ಮೆಲ್ಲಗೆ ಅಗಿಯತೊಡಗಿದರು.

"ಹಲ್ಲಿಲ್ಲದ ಮುದುಕಿ ನಾನು. ನಾನೇ ಬೇಗ ತಿಂತೀನಿ," ಎಂದಳು ತಾಯಿ. "ದೊಡ್ಡಮೂಟೆ, ಎಷ್ಟು ನಾಟಕ ಆಡಿದ್ರೂ ನೀನು ಊದ್ಕೊಳ್ಳೋದು ಊದ್ಕೊಳ್ಳೋದೇ. ಕೊಯ್ಸಿಕೊಂಡಿದ್ದು ದಂಡ. ಇವಳನ್ನ ನೋಡಿ ಕಲಿಯೋಕೇನು ದಾಡಿ ನಿಂಗೆ?"

ಅಕ್ಕ ಅಗಿಯುವುದನ್ನು ನಿಲ್ಲಿಸಲಿಲ್ಲ. ನುಂಗಲು ಇನ್ನೂ ಹೊತ್ತಿತ್ತು.

"ನನ್ನ ನೋಡಿ ಯಾರೂ ಕಲಿಯೋದು ಬೇಡ," ಎಂದಳು ತಂಗಿ. ಧ್ವನಿ ಒರಟಾಗಿತ್ತು. "ನಾನು ತಿಂತಾನೇ ಇರ್ಲಿಲ್ಲ. ಒಂದೂವರೆ ವರ್ಷದಿಂದ ನೀನು ಕಟ್ಟಿಕೊಟ್ಟಿದ್ದನ್ನೆಲ್ಲ ನಾಯಿಗೆ ಹಾಕ್ತಿದ್ದೆ."

ತಾಯಿಯ ಕೈ ತಟ್ಟೆಯ ಮೇಲೆ ನಿಂತಿತು. ಅವಳು ಮೊದಲು ಚಿಕ್ಕವಳನ್ನು, ಆಮೇಲೆ ದೊಡ್ಡವಳನ್ನು, ಆಮೇಲೆ ಪಾತ್ರೆಯಲ್ಲಿದ್ದ ಮೀನನ್ನು ನೋಡಿದಳು.

"ನಾಯಿಗಾ?"

"ಹೂಂ."

"ನಾಯಿ ತಿಂತಿತ್ತಾ?"

"ತಟ್ಟೆ ನೆಕ್ಕುತ್ತಿತ್ತು."

ತಾಯಿ ಎದ್ದು ಒಳಗೆ ಹೋದಳು. ಅಡುಗೆಮನೆಯಲ್ಲಿ ಪಾತ್ರೆಗಳನ್ನು ತೊಳೆಯುವ ಸದ್ದು ಬಹಳ ಹೊತ್ತು, ಅಗತ್ಯಕ್ಕಿಂತ ಜೋರಾಗಿ ಕೇಳಿಸಿತು. ಹೊರಗೆ ಅಕ್ಕ ತಂಗಿ ತಮ್ಮ ಪಾಲಿನದನ್ನು ತಿಂದು ಮುಗಿಸಿದರು. ಅಂದು ರಾತ್ರಿಯಿಂದ ಆ ಮನೆಯಲ್ಲಿ ಎರಡು ಚಿಕ್ಕ ತಟ್ಟೆಗಳು ಹೊರಬಂದವು. ತಾಯಿ ಅವನ್ನು ಮೇಜಿನ ಮೇಲೆ ಇಡುತ್ತಿರಲಿಲ್ಲ, ಕುಕ್ಕುತ್ತಿದ್ದಳು.

ಎರಡು ತಿಂಗಳಿಗೆ ಅಕ್ಕನ ತೂಕ ಎರಡು ಕಿಲೊ ಇಳಿದಿತ್ತು. ತಂಗಿಯದು ಒಂದು ಕಿಲೊ ಏರಿತ್ತು. ಅವಳು ಆಸ್ಪತ್ರೆಯ ತೂಕದ ಯಂತ್ರದಿಂದ ಇಳಿದು, ಆಹಾರತಜ್ಞೆ ಹೇಳಿದ್ದ ಹೊರಗಿನ ಬೆಂಚಿನ ಮೇಲೆ ಕುಳಿತು ಅತ್ತಳು. ಅಕ್ಕ ಪಕ್ಕದಲ್ಲಿ ಕೂರಲಿಲ್ಲ. ಅಳು ಮುಗಿಯುವವರೆಗೆ ಎದುರಿನ ಗೋಡೆಗೆ ಒರಗಿ ನಿಂತಿದ್ದು, "ಹೊತ್ತಾಯ್ತು ನಡಿ, ಒಂದು ಗಂಟೆ ಆಗ್ತಾ ಬಂತು," ಎಂದಳು.

ಅಂಗಡಿಗೆ ಬಂದು ಇಬ್ಬರೂ ಕುಳಿತರು. ಬೇಸಿಗೆಯ ಬಿಸಿಲು ಗಾಜಿನ ಬಾಗಿಲಿನಿಂದ ಮೇಜಿನವರೆಗೆ ಬಂದಿತ್ತು. ಇಪ್ಪತ್ತು ನಿಮಿಷದ ಗಂಟೆ ಬಾರಿಸಿದಾಗ ಅಕ್ಕನ ತಟ್ಟೆ ಖಾಲಿಯಾಗಿತ್ತು. ತಂಗಿಯ ತಟ್ಟೆಯಲ್ಲಿ ಇನ್ನೂ ಅರ್ಧ ಮೊಟ್ಟೆ ಉಳಿದಿತ್ತು. ಅವಳು ಅದನ್ನು ಶತ್ರುವಿನಂತೆ ನೋಡುತ್ತಿದ್ದಳು.

ಯಾರೋ ಗಾಜು ತಟ್ಟಿದರು. ಹೊರಗೆ ಬಟ್ಟೆಯ ಗಂಟು ಹೊತ್ತ ಹೆಂಗಸೊಬ್ಬಳು ಹಣೆಗೆ ಕೈ ಅಡ್ಡ ಹಿಡಿದು ಒಳಗೆ ಇಣುಕುತ್ತಿದ್ದಳು. ತಂಗಿ ಏಳಲು ಸ್ಟೂಲು ಹಿಂದೆ ಸರಿಸಿದಳು.

"ಕೂತ್ಕೋ," ಎಂದಳು ಅಕ್ಕ.

ಅವಳು ಫೋನಿನ ಸದ್ದು ನಿಲ್ಲಿಸಿ, ಗಾಜಿನ ಕಡೆಗೆ ಕೈ ಎತ್ತಿ ಐದು ಬೆರಳು ತೋರಿಸಿದಳು. ಹೆಂಗಸು ಅವರಿಬ್ಬರನ್ನೂ ಒಮ್ಮೆ ನೋಡಿ, ಗಂಟನ್ನು ಮೆಟ್ಟಿಲ ಮೇಲಿಟ್ಟು, ಬಾಗಿಲಿಗೆ ಬೆನ್ನು ಮಾಡಿ ಬಿಸಿಲಿನಲ್ಲಿ ಕುಳಿತುಕೊಂಡಳು.